ನಾಲ್ಕು ಇಸವಿಗಳ ಫಲಕ

ಗಲ್ಫಿನ ದೇರಾ ಪೇಟೆಯ ಟ್ರೋಫಿ ಅಂಗಡಿಯೊಂದರಲ್ಲಿ ಕೊರಗಪ್ಪ ಇಪ್ಪತ್ತಾರು ವರ್ಷಗಳಿಂದ ಅಕ್ಷರ ಕೊರೆಯುತ್ತಿದ್ದ. ಕ್ರಿಕೆಟ್ ಕಪ್ಪುಗಳು, ಕಂಪನಿಗಳ ‘ವರ್ಷದ ಉದ್ಯೋಗಿ’ ಫಲಕಗಳು. ಕೊರೆದ ಹೆಸರನ್ನು ಮರುವರ್ಷ ಯಾರೂ ಕೇಳುವುದಿಲ್ಲ ಎಂಬುದು ಅವನ ಅನುಭವ.

ಫೆಬ್ರವರಿಯಲ್ಲಿ, ಹಳೆಯ ಸಿನಿಮಾ ತೋರಿಸುವ ಸಂಘವೊಂದರಿಂದ ಹಿತ್ತಾಳೆ ಫಲಕದ ಕೆಲಸ ಬಂತು. ಹಾಲಿವುಡ್ಡಿನ ಒಂದು ಪ್ರೇಮಹಾಸ್ಯ ಚಿತ್ರಕ್ಕೆ ಸಂದ ಗೌರವಗಳ ಪಟ್ಟಿ. ಮೊದಲ ಸಾಲಿನಲ್ಲಿ 1937, ಎರಡನೆಯದರಲ್ಲಿ 1938. ಆಮೇಲೆ 1991, ಕೊನೆಗೆ 2012. ಕೊರಗಪ್ಪ ಯಂತ್ರ ನಿಲ್ಲಿಸಿ, ಕೌಂಟರಿನಲ್ಲಿ ಕೂರುವ ಪುತ್ತೂರಿನ ಶಮೀಮಳನ್ನು ಕರೆದ. ಅವಳು ಆ ಸಂಘದ ಸದಸ್ಯೆ.

“ಶಮೀಮ, ಇಸವಿ ತಪ್ಪುಂಟು ನೋಡು. ಒಂದೇ ಪಿಚ್ಚರಿಗೆ ಎಪ್ಪತ್ತೈದು ವರ್ಷ ಪ್ರಶಸ್ತಿ ಕೊಡ್ತಾರಾ?”

“ಸರಿಯೇ ಉಂಟು ಕೊರಗಪ್ಪಣ್ಣ. ಮೊದಲಿನ ಎರಡು ಆಗಿನ ಪ್ರಶಸ್ತಿ. ಮೂರನೆಯದ್ದು, ಹಾಳಾಗ್ಲಿಕ್ಕೆ ಬಿಡಬಾರದು ಅಂತ ಅವರ ದೇಶದಲ್ಲಿ ತೆಗೆದಿಟ್ಟದ್ದಕ್ಕೆ. ಕೊನೆಯದ್ದು, ಒಳ್ಳೆ ಪಿಚ್ಚರ್ ಅಂತ ಜನ ಓಟು ಹಾಕಿದ್ದು.”

“ಮಾಡಿದವರು?”

“ಒಬ್ಬರೂ ಇಲ್ಲ ಈಗ. ಶನಿವಾರ ಮಧ್ಯಾಹ್ನ ಸಂಘದವರು ತೋರಿಸ್ತಾರೆ, ಬನ್ನಿ, ನೋಡುವ.”

ಶನಿವಾರ ಸಭಾಂಗಣ ತುಂಬಿತ್ತು. ಕೊರಗಪ್ಪನ ಪಕ್ಕದಲ್ಲಿ ಬಿಳಿ ಕಂದೂರ ನಿಲುವಂಗಿ ತೊಟ್ಟ ಹಿರಿಯ ಅರಬರೊಬ್ಬರು, ಮುಂದೆ ಫಿಲಿಪಿನೊ ನರ್ಸುಗಳ ಗುಂಪು. ಚಿತ್ರ ಕಪ್ಪು ಬಿಳುಪಿನದು. ಪಟಪಟನೆ ಹರಿಯುವ ಆ ಇಂಗ್ಲಿಷಿನಲ್ಲಿ ಅವನಿಗೆ ಹತ್ತರಲ್ಲಿ ಎರಡು ಮಾತು ತಿಳಿಯಿತಷ್ಟೆ. ರೈಲು ತಪ್ಪಿಸಿಕೊಂಡ ನಾಯಕ, ತಪ್ಪೆಲ್ಲ ನಾಯಕಿಯದೇ ಎಂದು ಉದ್ದಕ್ಕೆ ವಾದಿಸಿದ. ಅವಳೋ, ಅವನು ತನ್ನದೆಂದು ಹಿಡಿದಿದ್ದ ಪೆಟ್ಟಿಗೆಯನ್ನು ನೋಡಿ ಒಂದು ಹುಬ್ಬು ಏರಿಸಿದಳು. ಪೆಟ್ಟಿಗೆಯಿಂದ ಅವಳ ಲಂಗದ ಲೇಸು ಇಳಿಬಿದ್ದಿತ್ತು.

ಇಡೀ ಸಭಾಂಗಣ ಒಮ್ಮೆಲೇ ನಕ್ಕಿತು. ಅರಬ ಹಿರಿಯರು ಕಣ್ಣೊರೆಸಿಕೊಂಡರು. ಕೊರಗಪ್ಪನೂ ನಗುತ್ತಿದ್ದ. ನಗುತ್ತಲೇ ಅವನ ಮೈ ಜುಮ್ಮೆಂದಿತು. ಎಂದೋ ತೀರಿಹೋದ ಹೆಂಗಸು, ಈಗಷ್ಟೇ, ಇಲ್ಲಿ, ಮುನ್ನೂರು ಜನರನ್ನು ನಗಿಸಿದ್ದಳು.

ಚಿತ್ರ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಖಾಲಿಯಿತ್ತು, ಆ ಚಪ್ಪಾಳೆಯನ್ನು ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಆದರೂ ಯಾರೂ ನಿಲ್ಲಿಸಲಿಲ್ಲ. ಕೊರಗಪ್ಪ ಅಂಗೈ ಕೆಂಪಾಗುವವರೆಗೆ ತಟ್ಟಿದ.

“ಹೋಗುವಾ?” ಶಮೀಮ ಕೇಳಿದಳು.

“ನಾಳೆ ಪುನಃ ಉಂಟಾ ಇದು?”

“ಉಂಟು, ನಾಲ್ಕು ಗಂಟೆಗೆ. ಎಂತಕ್ಕೆ?”

“ನನ್ನ ರೂಮಿನ ನೌಶಾದ್ ಇದ್ದಾನಲ್ಲ, ಅವನಿಗೂ ತೋರಿಸ್ಬೇಕು. ನಾನು ಬಾಯಲ್ಲಿ ಹೇಳಿದರೆ ಅವನು ನಂಬುವುದಿಲ್ಲ.”

ಮರುದಿನ ಕೊರಗಪ್ಪ, ನೌಶಾದ್ ಇಬ್ಬರೂ ಮೂರೂವರೆಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತರು.