ಗುರುತಿಲ್ಲದ ಫೋನು

ಬೀಗದಣ್ಣನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ತರಕಾರಿಯವನ ಮಾತಿಗೆ ಹೆಂಡತಿ ನಕ್ಕರೆ ಅವತ್ತಿನ ಪಲ್ಯ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೇಲಿನ ಮನೆಗೆ ಒಬ್ಬ ಫೋಟೊಗ್ರಾಫರ್ ತಾಯಿಯ ಜೊತೆ ಬಾಡಿಗೆಗೆ ಬಂದ ಮೇಲಂತೂ ಆ ಕಿಚ್ಚಿಗೆ ಒಂದು ಮುಖವೂ ಸಿಕ್ಕಿತು. ಹೆಂಡತಿ ಮನೆಯಲ್ಲೇ ಕೈಚೀಲ ಹೊಲಿದು, ಫೋನಿನಲ್ಲಿ ತೋರಿಸಿ ಮಾರುವವಳು. ಚೀಲವನ್ನು ಯಾವ ಬೆಳಕಿನಲ್ಲಿಟ್ಟು ಫೋಟೊ ತೆಗೆಯಬೇಕೆಂದು ಆ ಫೋಟೊಗ್ರಾಫರ್ ಮೆಟ್ಟಿಲ ಬಳಿ ನಿಂತು ಹೇಳಿಕೊಟ್ಟಿದ್ದ. ಅವಳು ನಕ್ಕಿದ್ದಳು. ಅಷ್ಟು ಸಾಕಾಯಿತು.

ಊರಿಗೆಲ್ಲ ಬೀಗ ಹಾಕಿಕೊಡುವವನು ಸ್ವಂತ ಮನೆಯ ವೈಫೈಯನ್ನು ಬಿಟ್ಟಾನೆಯೇ? ರೂಟರಿನ ಆ್ಯಪ್ ಹಾಕಿಕೊಂಡ. ಪ್ರತಿ ಫೋನಿಗೂ ಅಂಕಿ ಅಕ್ಷರಗಳ ಒಂದು ಹಾರ್ಡ್‌ವೇರ್ ವಿಳಾಸ ಇರುತ್ತದೆಂದು ತಿಳಿದಾಗ ಅವನಿಗೆ ಭಾರಿ ಖುಷಿ. ಕೀಲಿಕೈಯ ಹಲ್ಲಿದ್ದ ಹಾಗೆ! ಹಲ್ಲು ಬೇರೆಯಾದರೆ ಕೀಲಿ ಬೇರೆ, ಕೀಲಿ ಬೇರೆಯಾದರೆ ಆಸಾಮಿಯೇ ಬೇರೆ. ಹೆಂಡತಿಯ ಹೊಸ ಫೋನಿನ ವಿಳಾಸಕ್ಕೆ 'ನನ್ನವಳು' ಎಂದು ಹೆಸರಿಟ್ಟ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅರದಿಂದ ಕೀಲಿ ಉಜ್ಜುತ್ತಿದ್ದಾಗ ಆ ಆ್ಯಪ್‌ನಿಂದ ಎಚ್ಚರಿಕೆ ಬಂತು: ಗುರುತಿಲ್ಲದ ಸಾಧನ ಸೇರಿಕೊಂಡಿದೆ. ತೆರೆದು ನೋಡಿದರೆ ಹೊಸ ವಿಳಾಸ ಮನೆಯೊಳಗೆ ಹಾಯಾಗಿ ಕೂತಿದೆ, 'ನನ್ನವಳು' ಮಾತ್ರ ಆಫ್. ಮೇಲಿನ ಮನೆಯವನು ಬಂದ ತಕ್ಷಣ ಇವಳು ಫೋನು ಆರಿಸಿಬಿಡುತ್ತಾಳೆ! ಅರವನ್ನು ಎರಡು ಸಲ ಹೆಚ್ಚೇ ಎಳೆದು ಗಿರಾಕಿಯ ಕೀಲಿ ಹಾಳುಮಾಡಿದ. ಹಲ್ಲು ಕಚ್ಚಿ ಆ ವಿಳಾಸವನ್ನು ಬ್ಲಾಕ್ ಮಾಡಿದ.

ಸಂಜೆ ಹೆಂಡತಿಯ ಮುಖ ಬಾಡಿತ್ತು. ನೆಟ್ ನಿಂತುಹೋಗಿದೆ, ಚೀಲ ಕೇಳಿದವರಿಗೆ ಉತ್ತರ ಕೊಡಲೂ ಆಗುತ್ತಿಲ್ಲ ಎಂದು ಗೋಳಾಡಿದಳು. ಬಂದವನಿಗೆ ನೆಟ್ ನಿಂತಿದ್ದಕ್ಕೆ ಇವಳಿಗೆ ಈ ಸಂಕಟ ಎಂದು ಅವನು ಒಳಗೊಳಗೇ ಉರಿದು, ಕಂಪನಿಯವರ ತೊಂದರೆ ಇರಬೇಕು ಎಂದ. ಕೆಲವು ದಿನಕ್ಕೆ ಮತ್ತೊಂದು ವಿಳಾಸ ಬಂತು. ಕಳ್ಳ ಫೋನು ಬದಲಾಯಿಸಿದ್ದಾನೆ! ಅದಕ್ಕೂ ಬ್ಲಾಕ್. ಆಮೇಲೆ ಇನ್ನೊಂದು. ಅವಳ ಫೋನು ಇಸಕೊಂಡು ಒಮ್ಮೆ ನೋಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವರಿಗೆ ಕೇಳಿ ತಿಳಿಯುವುದರಲ್ಲಿ ಏನು ಸುಖ?

ಕೊನೆಗೆ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಓಡಿ ಬಂದ. ಬಾಗಿಲಿಗೆ ಬೀಗ. ಮೇಲಿನಿಂದ ಹೆಂಡತಿಯ ನಗು ಕೇಳಿಸಿತು. ಎರಡೆರಡು ಮೆಟ್ಟಿಲು ಹಾರಿ ಹತ್ತಿದ.

ಬಾಗಿಲು ಹಾರು ಹೊಡೆದಿತ್ತು. ಫೋಟೊಗ್ರಾಫರನ ತಾಯಿ ಬಟ್ಟೆ ಅಳೆಯುತ್ತಿದ್ದರು, ಹೆಂಡತಿ ಚೀಲಗಳ ರಾಶಿಯ ನಡುವೆ ಕೂತಿದ್ದಳು. ಅವಳ ಫೋನು ಫೋಟೊಗ್ರಾಫರನ ಕೈಯಲ್ಲಿತ್ತು.

"ಬನ್ನಿ ಅಣ್ಣ," ಎಂದ ಅವನು. "ಅಕ್ಕನ ಫೋನಲ್ಲಿ ಏನೂ ತೊಂದರೆ ಇಲ್ಲ. ಈಗಿನ ಫೋನುಗಳು ನಿಜವಾದ ವಿಳಾಸ ಮುಚ್ಚಿಟ್ಟು ಆಗಾಗ ಹೊಸದೊಂದು ತೋರಿಸ್ತವೆ. ನಿಮ್ಮನೇಲಿ ಅದನ್ನೆಲ್ಲ ಯಾರೋ ಬ್ಲಾಕ್ ಮಾಡ್ತಿರೋ ಹಾಗಿದೆ."

ಬೀಗದಣ್ಣನ ಬಾಯಿಗೇ ಬೀಗ ಬಿತ್ತು. ಹೆಂಡತಿ ಅವನ ಮುಖ ನೋಡಿದಳು. ಇಷ್ಟು ವರ್ಷ ಬಾಳಿದವಳು, ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ನಗು ಅಲ್ಲಿಗೇ ನಿಂತಿತು.

ಮನೆಗಿಳಿದು ಬಂದ ಮೇಲೆ ಅವನು ತಾನಾಗಿಯೇ ಎಲ್ಲ ಒಪ್ಪಿಕೊಂಡ. ನಾಚಿಕೆಯಿಂದ ಕುಗ್ಗಿಹೋಗಿದ್ದ. ಅವಳ ಎದುರಿಗೇ ಬ್ಲಾಕುಗಳನ್ನೆಲ್ಲ ತೆಗೆದು, ಈಗ ಫೋನು ಸೇರಿಸು ಎಂದು ಬೇಡಿಕೊಂಡ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಸಿಗ್ನಲ್ ಸಿಗುತ್ತೇನೋ ಅಂತ ಫೋನ್ ಹಿಡ್ಕೊಂಡು ಮನೆಯೆಲ್ಲ ಸುತ್ತಿದೀನಿ ರೀ. ನೀವು ಅಂಗಡೀಲಿ ಕೂತು ನನ್ನನ್ನೇ ಆಚೆ ಹಾಕ್ತಿದ್ರಿ," ಎಂದಳು. ದಾರದ ತುದಿಗೆ ಗಂಟು ಹಾಕಿ, "ಬೇಡ ಬಿಡಿ. ನಂಗೆ ಮೇಲಿನ ಮನೆ ವೈಫೈ ಸಾಕು. ಅಲ್ಲಿ ನನ್ನ ಮೇಲೆ ಯಾರೂ ಕಾವಲು ಕೂತಿಲ್ಲ," ಎಂದಳು.

ಈಗಲೂ ಅವಳು ದಿನಾ ಮಧ್ಯಾಹ್ನ ಚೀಲಗಳನ್ನೆತ್ತಿಕೊಂಡು ಆ ಮುದುಕಿಯ ಬಳಿ ಹೋಗಿ ಕೂರುತ್ತಾಳೆ. ಬೀಗದಣ್ಣ ಅಂಗಡಿಯಲ್ಲಿ ಫೋನನ್ನು ಎದುರಿಗಿಟ್ಟುಕೊಂಡೇ ಕೀಲಿ ಉಜ್ಜುತ್ತಾನೆ. ಗುರುತಿಲ್ಲದ ಸಾಧನ ಸೇರಿಕೊಂಡಿದೆ ಎಂಬ ಆ ಒಂದು ಎಚ್ಚರಿಕೆ ಇವತ್ತಾದರೂ ಬರಲಿ ಎಂದು ಕಾಯುತ್ತಿರುತ್ತಾನೆ.