ಇಟಲಿ ಹೂವಿನೊಳಗಿನ ಕಡ್ಡಿ

ನಾನು ಒಂದು ಹಿತ್ತಾಳೆಯ ಚಕ್ರ. ಕರ್ಜಿಕಾಯಿಯ ಅಂಚು ಕತ್ತರಿಸುವ ಹಲ್ಲುಗಾಲಿಯನ್ನು ನೀವು ನೋಡಿದ್ದರೆ ನನ್ನನ್ನೂ ನೋಡಿದಂತೆಯೇ. ಕೈಯಲ್ಲಿ ಹಿಡಿಯಲು ಒಂದು ಹಿಡಿ, ಅದರ ತುದಿಗೆ ಗಾಲಿ, ಎರಡನ್ನೂ ಸೇರಿಸುವ ಸಣ್ಣದೊಂದು ಅಚ್ಚು. ಆ ಅಚ್ಚನ್ನು ಮಾತ್ರ ಮರೆಯಬೇಡಿ. ನನ್ನ ಬದುಕೆಲ್ಲ ಹೆದರಿಕೆಯಲ್ಲಿ ಕಳೆದದ್ದು ಅದರಿಂದಲೇ.

ಹುಟ್ಟಿದ್ದು ದಕ್ಷಿಣ ಇಟಲಿಯ ಒಂದು ಕಡಲೂರಿನಲ್ಲಿ, ಒಬ್ಬ ಕಂಚುಗಾರನ ಕುಲುಮೆಯಲ್ಲಿ. ಆತ ನನ್ನನ್ನು ಕರಗಿಸಿ ಎರೆದ, ಅರದಿಂದ ಉಜ್ಜಿ ಹಲ್ಲು ಮೂಡಿಸಿದ. ಬೆಂಕಿಯಲ್ಲಿ ಹುಟ್ಟಿದವನಿಗೆ ಧೈರ್ಯ ಇರಬೇಕಿತ್ತು. ನಾನೋ ಶುದ್ಧ ಪುಕ್ಕಲ. ಒಲೆ ಉರಿಯುವ ಸದ್ದು ಕೇಳಿದರೆ ಇಂದಿಗೂ ನನಗೆ ಎದೆ ಡವಡವ ಎನ್ನುತ್ತದೆ, ಎದೆ ಇಲ್ಲದಿದ್ದರೂ.

ನನ್ನನ್ನು ಕೊಂಡವಳು ಫಿಲೊಮೇನಾ ಎಂಬ ಗಟ್ಟಿಗಿತ್ತಿ. ಕ್ರಿಸ್ಮಸ್ ಹತ್ತಿರ ಬಂದರೆ ಅವಳ ಅಡುಗೆಮನೆಯಲ್ಲಿ ಇಡೀ ಓಣಿಯ ಹೆಂಗಸರು ಸೇರುತ್ತಿದ್ದರು. ಗೋಧಿ ಹಿಟ್ಟಿಗೆ ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ನಾದಿ, ತೆಳ್ಳಗೆ ಲಟ್ಟಿಸಿ, ನನ್ನನ್ನು ಸರ್ರನೆ ಓಡಿಸಿದರೆ ಅಂಚಿಗೆ ಹಲ್ಲು ಹಲ್ಲಿನ ಉದ್ದನೆಯ ಪಟ್ಟಿಗಳು ಬರುತ್ತಿದ್ದವು. ಪಟ್ಟಿಯನ್ನು ಉದ್ದಕ್ಕೆ ಮಡಿಸಿ, ಅಲ್ಲಲ್ಲಿ ಚಿವುಟಿ, ಸುರುಳಿ ಸುತ್ತಿದರೆ ಗುಲಾಬಿ. ಅದನ್ನು ಒಂದು ದಿನ ಬಟ್ಟೆಯ ಮೇಲೆ ಒಣಗಿಸಿ, ಎಣ್ಣೆಯಲ್ಲಿ ಕರಿದು, ಕುದಿಸಿದ ದ್ರಾಕ್ಷಿಯ ಕಪ್ಪು ಪಾಕದಲ್ಲಿ ಅದ್ದುತ್ತಿದ್ದರು. ಕಾರ್ತೆಲ್ಲಾತೆ ಎಂದು ಅದರ ಹೆಸರು. ಬಾಲಯೇಸುವಿಗೆ ಸುತ್ತಿದ ಬಟ್ಟೆಯ ಮಡಿಕೆಗಳಂತೆ ಅವು. ತಿನ್ನುವುದು ಹೇಗೆ ಎನ್ನುತ್ತೀರಾ? ಕರಕರ ಕಚ್ಚಿ, ಗಲ್ಲದ ಮೇಲೆಲ್ಲ ಪಾಕ ಸುರಿಸಿಕೊಂಡು. ಇದನ್ನೂ ನೆನಪಿಟ್ಟುಕೊಳ್ಳಿ.

ಫಿಲೊಮೇನಾಳ ಮಗಳು ಲುಚಿಯಾ ಸನ್ಯಾಸಿನಿಯಾದಳು. ಅವಳನ್ನು ಹಡಗು ಹತ್ತಿಸುವಾಗ ತಾಯಿ ನನ್ನನ್ನು ಒಂದು ಉಣ್ಣೆಯ ಕಾಲುಚೀಲದಲ್ಲಿ ತುರುಕಿ ಅವಳ ಪೆಟ್ಟಿಗೆಯಲ್ಲಿಟ್ಟಳು. ಸಮುದ್ರದುದ್ದಕ್ಕೂ ನಾನು ಮುಳುಗುತ್ತೇನೆ, ಮುಳುಗುತ್ತೇನೆ ಎಂದು ನಡುಗುತ್ತಲೇ ಮಂಗಳೂರಿಗೆ ಬಂದಿಳಿದೆ.

ಅಲ್ಲಿ ಒಂದು ಕಾನ್ವೆಂಟು, ಅದಕ್ಕೆ ಸೇರಿದ ಅನಾಥ ಹುಡುಗಿಯರ ಹಾಸ್ಟೆಲು, ಅದರ ಅಡುಗೆಮನೆಗೆ ಅಪೊಲಿನ್ ಬಾಯಿ. ಅಗಲ ಮುಖದ, ದೊಡ್ಡ ದನಿಯ ಈ ಹೆಂಗಸು ನನಗೆ ಎಲ್ಲರಿಗಿಂತ ಹತ್ತಿರದವಳು, ಏಕೆಂದರೆ ಅವಳೂ ನನ್ನ ಹಾಗೆ ಪುಕ್ಕಲಿ. ಚಿಕ್ಕಂದಿನಲ್ಲಿ ಅವಳ ತಂಗಿಯ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿತ್ತಂತೆ. ಮನೆಯವರು ಅನ್ನದ ಉಂಡೆ ನುಂಗಿಸಿ ನೋಡಿದರು; ಮುಳ್ಳು ಇನ್ನೂ ಒಳಕ್ಕೆ ಹೋಯಿತು, ಮಗು ಉಳಿಯಲಿಲ್ಲ. ಅಂದಿನಿಂದ ಅಪೊಲಿನ್ ಬಾಯಿ ಹುಡುಗಿಯರಿಗೆ ಮೀನು ಬಡಿಸಿದರೆ ಎಲ್ಲರೂ ಉಂಡು ಏಳುವವರೆಗೆ ಬಾಗಿಲಲ್ಲಿ ನಿಂತೇ ಇರುತ್ತಿದ್ದಳು.

ಸಿಸ್ಟರ್ ಲುಚಿಯಾ ತನ್ನೂರಿನ ತಿಂಡಿಯನ್ನು ಅವಳಿಗೆ ಕಲಿಸಿದರು. ದ್ರಾಕ್ಷಾರಸದ ಬದಲು ಕಾನ್ವೆಂಟಿನ ಹಿಂಬಾಗಿಲಿನಿಂದ ಬಂದ ತೆಂಗಿನ ಕಳ್ಳು, ಕಪ್ಪು ಪಾಕದ ಬದಲು ತಾಳೆಯ ಓಲೆಬೆಲ್ಲ, ಕರಿಯಲು ಕೊಬ್ಬರಿ ಎಣ್ಣೆ. ಕಾರ್ತೆಲ್ಲಾತೆ ಎನ್ನಲು ನಾಲಿಗೆ ಹೊರಳದ ಹುಡುಗಿಯರು ಅದನ್ನು 'ಇಟಲಿ ಹೂ' ಎಂದರು. ವರ್ಷಕ್ಕೊಮ್ಮೆ ತಟ್ಟೆಗೆ ಒಂದೇ ಒಂದು ಹೂ. ಅದಕ್ಕಾಗಿ ಅವರು ಹಿಂದಿನ ಕ್ರಿಸ್ಮಸ್ ಮುಗಿದ ಮರುದಿನದಿಂದಲೇ ಕಾಯುತ್ತಿದ್ದರು.

ಹೀಗೆ ಎಷ್ಟೋ ವರ್ಷ ನಡೆಯಿತು. ಸಿಸ್ಟರ್ ಲುಚಿಯಾರ ಕಣ್ಣಿಗೆ ಪೊರೆ ಬಂತು. ಹೊಸ ವರ್ಷ ಕಳೆದ ಮೇಲೆ ಇಟಲಿಗೆ ಹಿಂದಿರುಗಬೇಕೆಂದು ಮೇಲಿನವರ ಅಪ್ಪಣೆಯಾಯಿತು. ಆ ಸಲದ ಕ್ರಿಸ್ಮಸ್ಸೇ ಅವರಿಗೆ ಇಲ್ಲಿ ಕೊನೆಯದು. ಅದರಲ್ಲಿ ಒಂದು ಕುಂದೂ ಬರಬಾರದೆಂದು ಅಪೊಲಿನ್ ಬಾಯಿ ಹಟ ಹಿಡಿದಳು.

ಹಿಟ್ಟು ಲಟ್ಟಿಸಿ ಪಟ್ಟಿ ಕತ್ತರಿಸುತ್ತಿದ್ದಾಗಲೇ ನನ್ನ ಅಚ್ಚು ಕಟ್ಟೆಂದು ಮುರಿಯಿತು. ಸವೆದು ಸವೆದು ಕೂದಲೆಳೆಯಾಗಿತ್ತು. ಅಪೊಲಿನ್ ಬಾಯಿ ಎರಡೂ ತುಂಡುಗಳನ್ನು ಹೆಕ್ಕಿ ಕಿಟಕಿಯ ಮೇಲಿಟ್ಟಳು. ಅಷ್ಟರ ಮಟ್ಟಿಗೆ ಜಾಗ್ರತೆಯವಳೇ.

"ಎಂತದು ಅಪೊಲಿನ್, ಯಾಕೆ ನಿಲ್ಲಿಸಿದೆ?" ಎಂದು ಪಕ್ಕದ ಬೆಂಚಿನಲ್ಲಿ ಕುಳಿತು ಹೂ ಸುತ್ತುತ್ತಿದ್ದ ಸಿಸ್ಟರ್ ಕೇಳಿದರು.

"ಎಂತ ಇಲ್ಲ ಸಿಸ್ಟರ್. ಈಗ ಆಯ್ತು."

ಆ ಊರಿನಲ್ಲಿ ಹರಿದದ್ದು, ಮುರಿದದ್ದು, ಸಡಿಲಾದದ್ದು ಎಲ್ಲಕ್ಕೂ ಒಂದೇ ಮದ್ದು: ತೆಂಗಿನ ಗರಿಯ ಕಡ್ಡಿ. ಹಲಸಿನ ಎಲೆಗಳನ್ನು ಸೇರಿಸಿ ಕಡುಬಿನ ಕೊಟ್ಟೆ ಕಟ್ಟುವುದು ಅದರಿಂದಲೇ. ಅಪೊಲಿನ್ ಬಾಯಿಯ ಕೈ ತಾನಾಗಿಯೇ ಕಡ್ಡಿಯ ಕಟ್ಟಿನ ಕಡೆ ಹೋಯಿತು. ಒಂದು ತುಂಡು ಮುರಿದು ನನ್ನ ತೂತಿನಲ್ಲಿ ತೂರಿಸಿ, ಗಾಲಿಯನ್ನು ತಿರುಗಿಸಿ ನೋಡಿದಳು. ತಿರುಗಿತು. ಅವಳ ಮುಖ ಅರಳಿತು.

ನನಗೆ ಮಾತ್ರ ಆಗಲೇ ಗೊತ್ತಾಯಿತು. ಎಲೆ ಹಿಡಿದುಕೊಂಡು ಸುಮ್ಮನಿರಬೇಕಾದ ಕಡ್ಡಿ ಗಾಲಿಯ ಉಜ್ಜಾಟ ತಾಳೀತೇ? ಒಂದೊಂದು ಸುತ್ತಿಗೂ ಅದು ಒಳಗೇ ಸೀಳುತ್ತಿತ್ತು. ನಿಲ್ಲಿಸು, ನಿಲ್ಲಿಸು ತಾಯೀ ಎಂದು ನಾನು ಕಿರುಗುಟ್ಟಿದೆ. ಅವಳು ನನಗೆ ಒಂದು ಹನಿ ಎಣ್ಣೆ ಬಿಟ್ಟಳು. ಕೊನೆಯ ಪಟ್ಟಿಗಳಿಗೆ ಬಂದಾಗ ಕಡ್ಡಿಯ ಅರ್ಧ ಸೂಜಿಯಂತೆ ಚೂಪಾಗಿ ಸೀಳಿ ಹಿಟ್ಟಿನ ಮೇಲೆ ಬಿತ್ತು. ಬಣ್ಣವೂ ಹಿಟ್ಟಿನದೇ. ಅಪೊಲಿನ್ ಬಾಯಿಗೆ ಅದು ಕಾಣಲಿಲ್ಲ. ಸಿಸ್ಟರ್‌ಗಂತೂ ಕಾಣುವಂತಿರಲಿಲ್ಲ. ಪಟ್ಟಿ ಮಡಿಸಿಕೊಂಡಿತು, ಚಿವುಟಿಸಿಕೊಂಡಿತು, ಸುರುಳಿಯಾಯಿತು. ಹತ್ತಾರು ಹೂಗಳ ನಡುವೆ ಅದೂ ಒಂದು ಹೂವಾಗಿ ಬಟ್ಟೆಯ ಮೇಲೆ ಕುಳಿತಿತು.

ಮರುದಿನ ಅವನ್ನು ಕರಿದರು, ಪಾಕದಲ್ಲಿ ಅದ್ದಿದರು. ನಾನು ಹಿಟ್ಟು ಮೆತ್ತಿಕೊಂಡು ಮಣೆಯ ಮೇಲೆ ಬಿದ್ದಿದ್ದೆ. ಬಾಯಿಲ್ಲದವರಿಗೆ ಸತ್ಯ ಗೊತ್ತಿರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಯಾವ ಹೂ ಎಂದು ನನಗೂ ಗುರುತು ತಪ್ಪಿತ್ತು.

ಕ್ರಿಸ್ಮಸ್ಸಿನ ಬೆಳಿಗ್ಗೆ ಪೂಜೆ ಮುಗಿಸಿ ಹುಡುಗಿಯರು ಊಟದ ಕೋಣೆಯಲ್ಲಿ ಸಾಲಾಗಿ ಕುಳಿತರು. ಪ್ರತಿ ತಟ್ಟೆಯಲ್ಲೂ ಒಂದೊಂದು ಹೂ ಹೊಳೆಯುತ್ತಿತ್ತು. ಪ್ರಾರ್ಥನೆಯ ಹಾಡು ಶುರುವಾಯಿತು. ಇನ್ನು ಸಿಸ್ಟರ್‌ಗೆ ನನ್ನನ್ನು ತೊಳೆದು ಕೊಡೋಣ, ಊರಿಗೆ ಒಯ್ಯಲಿ ಎಂದು ಅಪೊಲಿನ್ ಬಾಯಿ ನನ್ನನ್ನು ಕೈಗೆತ್ತಿಕೊಂಡಳು. ಗಾಲಿ ಕಳಚಿ ಅವಳ ಅಂಗೈಗೆ ಬಿತ್ತು. ಅದರ ಜೊತೆಗೆ ಅರ್ಧ ಕಡ್ಡಿ.

ಅವಳು ಅರ್ಧವನ್ನು ನೋಡಿದಳು. ಮಣೆಯನ್ನು ನೋಡಿದಳು, ನೆಲವನ್ನು ನೋಡಿದಳು, ಬಟ್ಟೆ ಕೊಡವಿದಳು. ಅವಳ ಕೈ ತಣ್ಣಗಾದದ್ದು ನನ್ನ ಹಿತ್ತಾಳೆಗೆ ತಿಳಿಯಿತು. ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು ಊಟದ ಕೋಣೆಗೆ ಓಡಿದಳು. ಹಾಡು ಕೊನೆಯ ಸಾಲಿನಲ್ಲಿತ್ತು.

"ಸಿಸ್ಟರ್," ಎಂದು ಅವಳು ಕಿವಿಯಲ್ಲಿ ಹೇಳಿದಳು. "ಚಕ್ರಕ್ಕೆ ನಾನು ಕಡ್ಡಿ ಹಾಕಿದ್ದೆ. ಅರ್ಧ ಮಾತ್ರ ಉಂಟು. ಇನ್ನರ್ಧ ಹೂವಿನೊಳಗೆ ಹೋಗಿದೆ. ಯಾವುದರಲ್ಲಿ ಅಂತ ಗೊತ್ತಿಲ್ಲ ಸಿಸ್ಟರ್. ಎಲ್ಲ ಬಿಸಾಡುವ. ತಪ್ಪು ನಂದೇ, ನಾನೇ ಹೇಳ್ತೇನೆ ಮಕ್ಕಳಿಗೆ."

ಹಾಡು ನಿಂತಿತ್ತು. ಹುಡುಗಿಯರ ಕೈಗಳು ತಟ್ಟೆಗೆ ಇಳಿಯುತ್ತಿದ್ದವು. ಬೆಂಚಿನ ತುದಿಯಲ್ಲಿದ್ದ ಎಲ್ಲರಿಗಿಂತ ಚಿಕ್ಕವಳು, ಲಿದ್ವಿನ್, ಆಗಲೇ ಹೂವನ್ನು ಬಾಯಿಯ ಹತ್ತಿರ ಎತ್ತಿದ್ದಳು.

"ಮಕ್ಕಳೇ, ಕೈ ಕೆಳಗೆ!" ಎಂದರು ಸಿಸ್ಟರ್. ಆ ದನಿಗೆ ಲಿದ್ವಿನ್ ಕೂಡ ಹೂ ಕೆಳಗಿಟ್ಟಳು. ಆಮೇಲೆ ಸಿಸ್ಟರ್ ನಕ್ಕರು. ಆ ನಗು ಎಷ್ಟು ಕಷ್ಟದ್ದೆಂದು ಅಪೊಲಿನ್ ಬಾಯಿಗೂ ನನಗೂ ಮಾತ್ರ ಗೊತ್ತು. "ಇದು ನನ್ನ ಕೊನೆಯ ಕ್ರಿಸ್ಮಸ್ ಅಲ್ಲವೇ? ಇವತ್ತು ನಮ್ಮ ಊರಿನ ಹಾಗೆ ತಿನ್ನೋಣ. ನಮ್ಮಲ್ಲಿ ಯಾರೂ ಕಚ್ಚುವುದಿಲ್ಲ. ಇದು ಬಾಲಯೇಸುವಿನ ಬಟ್ಟೆ. ಒಂದೊಂದೇ ಮಡಿಕೆ ಬಿಡಿಸಬೇಕು. ನಿಧಾನ, ನಿಧಾನ. ಒಂದು ಹೂವಿನಲ್ಲಿ ಬಾಲಯೇಸು ಮಲಗಿದ ಗೋದಲಿಯ ಹುಲ್ಲುಕಡ್ಡಿ ಇದೆ. ಯಾರಿಗೆ ಸಿಗುತ್ತದೋ ಅವರಿಗೆ ಗೋದಲಿಯ ನಕ್ಷತ್ರ. ಸಿಗುವ ತನಕ ಯಾರೂ ಬಾಯಿಗೆ ಹಾಕಬಾರದು."

ಅಪ್ಪಟ ಸುಳ್ಳು! ಕರಕರ ಕಚ್ಚುತ್ತಿದ್ದ ಫಿಲೊಮೇನಾ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕೋಣೆಯಲ್ಲಿ ಬೆರಳುಗಳು ಪಾಕದಲ್ಲಿ ಪಿಚಪಿಚ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಣ್ಣು ಕಾಣದ ಸಿಸ್ಟರ್ ಬೆಂಚುಗಳ ನಡುವೆ ನಡೆಯುತ್ತ ಒಬ್ಬೊಬ್ಬರ ಗಲ್ಲ ಮುಟ್ಟಿ, ಯಾರಾದರೂ ಅಗಿಯುತ್ತಿದ್ದಾರೆಯೇ ಎಂದು ನೋಡುತ್ತಿದ್ದರು. ಅಪೊಲಿನ್ ಬಾಯಿ ಮೀನಿನ ದಿನದಂತೆ ಬಾಗಿಲಲ್ಲಿ ನಿಂತು ನನ್ನ ಹಲ್ಲುಗಳನ್ನು ಅಂಗೈಗೆ ಒತ್ತಿಕೊಂಡಿದ್ದಳು. ಅವಳ ತುಟಿ ತಂಗಿಯ ಹೆಸರು ಹೇಳುತ್ತಿತ್ತು.

"ನನಗೆ ಸಿಕ್ಕಿತು!"

ಲಿದ್ವಿನ್ ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದಳು. ಅವಳ ಬೆರಳುಗಳ ನಡುವೆ ಆ ಸೂಜಿಯಂಥ ಕಡ್ಡಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪೊಲಿನ್ ಬಾಯಿ ಬಾಗಿಲ ಚೌಕಟ್ಟು ಹಿಡಿದು ಮೆಲ್ಲನೆ ನೆಲಕ್ಕೆ ಕುಸಿದಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ಹುಡುಗಿಯರು ತಿಳಿದರು.

ಸಿಸ್ಟರ್ ಹೊರಡುವಾಗ ನನ್ನನ್ನು ಅಪೊಲಿನ್ ಬಾಯಿಗೇ ಬಿಟ್ಟುಹೋದರು. ಅಕ್ಕಸಾಲಿಗನ ಹತ್ತಿರ ಅವಳು ನನಗೆ ಗಟ್ಟಿ ಅಚ್ಚು ಹಾಕಿಸಿದಳು. ಆಮೇಲೆ ಬಂದ ಪ್ರತಿ ಕ್ರಿಸ್ಮಸ್ಸಿನಲ್ಲೂ ಕತ್ತರಿಸುವ ಮುಂಚೆ ಒಮ್ಮೆ, ಕತ್ತರಿಸಿದ ಮೇಲೆ ಒಮ್ಮೆ ಆ ಅಚ್ಚನ್ನು ಉಗುರಿನಿಂದ ತಟ್ಟಿ ನೋಡುತ್ತಿದ್ದಳು. ಮುಪ್ಪಾದ ಮೇಲೆ, ಲಿದ್ವಿನ್‌ಳ ಮದುವೆಯ ದಿನ, ನನ್ನನ್ನು ಅವಳ ಕೈಯಲ್ಲಿಟ್ಟಳು. ಇನ್ನೇನೋ ಹೇಳಲೆಂದು ಬಾಯಿ ತೆರೆದಳು. ನಾನು ಕಾದೆ. ಹೇಳು, ಅಪೊಲಿನ್ ಬಾಯಿ, ಈಗಲಾದರೂ ಆ ಕಡ್ಡಿಯ ನಿಜ ಹೇಳು.

"ಒದ್ದೆ ಇಡ್ಬೇಡ ಮಾರಾಯ್ತಿ, ಕಪ್ಪಾಗ್ತದೆ" ಎಂದಷ್ಟೇ ಹೇಳಿದಳು. ನಾಚಿಕೆ ಅವಳ ಬಾಯಿ ಕಟ್ಟಿತು. ಮುಂದಿನ ಮಳೆಗಾಲದಲ್ಲಿ ಅವಳು ಹೋಗಿಬಿಟ್ಟಳು.

ಈಗ ನಾನು ಲಿದ್ವಿನ್‌ಳ ಅಡುಗೆಮನೆಯ ಗೋಡೆಯಲ್ಲಿ ಒಂದು ಮೊಳೆಗೆ ತೂಗುಬಿದ್ದಿದ್ದೇನೆ. ನನ್ನ ಹಲ್ಲು ಮೊಂಡಾಗಿದೆ. ಪಟ್ಟಿ ಕತ್ತರಿಸಲು ಪ್ಲಾಸ್ಟಿಕ್ಕಿನ ಹೊಸ ಚಕ್ರ ಬಂದಿದೆ. ಲಿದ್ವಿನ್ ಅಜ್ಜಿಯಾಗಿದ್ದಾಳೆ. ಇಟಲಿ ಹೂ ಮಾತ್ರ ಬಿಟ್ಟಿಲ್ಲ. ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ಕಚ್ಚುವ ಹಾಗಿಲ್ಲ ಮಕ್ಕಳೇ, ನಿಧಾನ, ನಿಧಾನ. ಇಟಲಿಯಲ್ಲಿ ಹೀಗೇ ತಿನ್ನುದು" ಎನ್ನುತ್ತಾಳೆ. ಮತ್ತೆ, ಹೂ ಸುತ್ತುವಾಗ, ಯಾರೂ ನೋಡದಂತೆ ಒಂದರೊಳಗೆ ತೆಂಗಿನ ಗರಿಯ ಕಡ್ಡಿಯ ಚೂರೊಂದನ್ನು ಪ್ರೀತಿಯಿಂದ ಅಡಗಿಸುತ್ತಾಳೆ. ಕಡ್ಡಿ ಸಿಕ್ಕಿದ ಆ ದಿನವೇ ಅವಳ ಬದುಕಿನ ಅತಿ ಸಂತೋಷದ ದಿನ. ಮೊಮ್ಮಕ್ಕಳಿಗೂ ಸಿಗಲಿ ಎಂಬ ಆಸೆ.

ಇಂದು ಕ್ರಿಸ್ಮಸ್. ತಟ್ಟೆಗಳು ಬಂದಿವೆ, ಹಾಡು ಮುಗಿದಿದೆ. ಸಣ್ಣ ಮೊಮ್ಮಗನಿಗೆ ತಾಳ್ಮೆ ಕಡಿಮೆ. ಅತ್ತ ಕಡೆಯಿಂದ ಕರಕರ ಎಂಬ ಸದ್ದು ಕೇಳಿಸುತ್ತಿದೆ. ಮೊಳೆಯ ಮೇಲೆ ನಾನು ಉಸಿರು ಬಿಗಿಹಿಡಿದಿದ್ದೇನೆ. 'ನನಗೆ ಸಿಕ್ಕಿತು' ಎಂಬ ಕೂಗು ಇನ್ನೂ ಬಂದಿಲ್ಲ.