ಬಾವಿ ಪಿಕ್ಚರಿನ ಕೊನೇ ರೀಲು

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಬಾಯಿಗೆ ಎಲೆಯಡಿಕೆ ಇಡಲು ಹೊನ್ನೂರಮ್ಮ ಬಗ್ಗಿದ್ದಳು. ಅಷ್ಟರಲ್ಲಿ ಚಪ್ಪರದ ಕೆಳಗಿನಿಂದ ಬೀಗಿತಿ ಶಂಕರಮ್ಮನ ದನಿ ಕೇಳಿ ಅವಳ ಕೈ ಅಲ್ಲೇ ನಿಂತಿತು.

“ಆ ಬಾವಿ ಪಿಕ್ಚರು ಇಲ್ಲಿ ತೋರಿಸಿದ್ದು ಅರ್ಧ ಕಣ್ರಿ. ಈ ಯುಗಾದಿಗೆ ಹೊನ್ನಾಳಿ ಟೆಂಟಿನಾಗೆ ಪೂರ್ತಿ ನೋಡ್ಕಂಡು ಬಂದೀನಿ. ಕೊನೆಗೆ ಒಬ್ಬ ಸ್ವಾಮಿ ಬಂದು ಆ ದೆವ್ವಾನ ಹಿಡಿದು ಸುಟ್ಟು ಬೂದಿ ಮಾಡ್ತಾನೆ. ಅತ್ತೆ, ಮಗ ಎಲ್ಲಾ ಆರಾಮಾಗಿರ್ತಾರೆ. ಹನ್ನೆರಡು ವರ್ಷದಿಂದ ಸುಮ್ ಸುಮ್ನೆ ಹೆದರಿಕಂಡು ಸತ್ತೆವಲ್ಲ ನಾವು!”

“ಇಲ್ಲ ಬಿಡ್ರಿ,” ಎಂದಳು ಪಕ್ಕದ ಮನೆಯ ಹನುಮಂತಮ್ಮ. “ಆ ದೆವ್ವ ಹೋಗಾದೇ ಇಲ್ಲ. ಬಾಗಿಲ್ದಾಗೆ ನಿಂತಂಗೇ ನಿಂತಿರ್ತೈತೆ. ಅದನ್ನ ನೋಡಿದ ಮ್ಯಾಲೇ ನಮ್ಮತ್ತೆ ನನ್ನ ಹೆಸರು ಹಿಡಿದು ಕರೆಯಾಕೆ ಶುರು ಮಾಡಿದ್ದು. ಅಲ್ಲೀಗಂಟ ನಾನು ‘ಏ ಇವಳೇ’ ಆಗಿದ್ದೆ.”

ನಾಲ್ಕೈದು ಜನ ನಕ್ಕು, ಹೆಣದ ನೆನಪಾಗಿ ಸೆರಗು ಬಾಯಿಗೆ ಹಿಡಿದರು. ಸಾವಿನ ಮನೆಯಲ್ಲಿ ಸಿನಿಮಾದ ಮಾತೇಕೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಸತ್ತವನು ಓಬಣ್ಣ, ಸಂತೇಬೆನ್ನೂರಿನ ಸಿನಿಮಾ ಟೆಂಟಿನಲ್ಲಿ ಇಪ್ಪತ್ತು ವರ್ಷ ಮೆಷಿನ್ ಓಡಿಸಿದ ಆಪರೇಟರು. ಊರಿನವರು ಕಂಡ ದೇವರುಗಳಲ್ಲಿ ಅರ್ಧ, ದೆವ್ವಗಳಲ್ಲಿ ಎಲ್ಲವೂ ಅವನ ಕೈಯಿಂದಲೇ ಬಂದವು. ಮೆಷಿನ್ನಿನ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿಯ ಹೊಗೆ ಕುಡಿದೂ ಕುಡಿದೂ ಎದೆ ಕೆಟ್ಟು, ಮೂರು ತಿಂಗಳು ಕೆಮ್ಮಿ, ನಿನ್ನೆ ಸಂಜೆ ಕಣ್ಣು ಮುಚ್ಚಿದ್ದ.

ಹೊನ್ನೂರಮ್ಮ ಎಲೆಯಡಿಕೆ ಇಟ್ಟು ಎದ್ದಳು. ಕಂಬದ ಪಕ್ಕದಲ್ಲಿ ಅವಳ ಒಬ್ಬಳೇ ಮಗಳು ಗಾದ್ರಮ್ಮ, ಏಳು ತಿಂಗಳ ಬಸುರಿ, ರವಿಕೆಯ ತೋಳನ್ನು ಮೊಣಕೈ ಕೆಳಗೆ ಎಳೆದುಕೊಳ್ಳುತ್ತಾ ನಿಂತಿದ್ದಳು. ಅವಳ ಕಣ್ಣು ಅಪ್ಪನ ಹೆಣದ ಮೇಲಿರಲಿಲ್ಲ. ಅತ್ತೆಯ ಮೇಲಿತ್ತು.

* * *

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ದಾವಣಗೆರೆ ಬಸ್ಸಿನ ಟಾಪಿನಿಂದ ಆ ಪ್ರಿಂಟು ಇಳಿಯಿತು. ಯಾವ ಭಾಷೆಯಿಂದಲೋ ಡಬ್ ಆದ ಹಳೇ ಪಿಕ್ಚರು. ಹೆಸರು ಬರುವ ಭಾಗವೇ ಹರಿದುಹೋಗಿತ್ತು. ಬಾವಿಗೆ ಬಿದ್ದು ಸತ್ತ ಸೊಸೆಯ ಕತೆಯಾದ್ದರಿಂದ ಜನ ಅದನ್ನು ಬಾವಿ ಪಿಕ್ಚರ್ ಎಂದರು.

ಆಟಕ್ಕೆ ಮುಂಚೆ ಹಗಲಿನಲ್ಲೇ ಎಲ್ಲ ರೀಲುಗಳನ್ನೂ ಕೈಯಲ್ಲಿ ಸುತ್ತಿ, ಎರಡು ಬೆರಳ ನಡುವೆ ಹಾಯಿಸಿ, ಹರಿದಲ್ಲಿ ಅಂಟಿಸುವುದು ಓಬಣ್ಣನ ಪದ್ಧತಿ. ಅವತ್ತು ಹೊನ್ನೂರಮ್ಮ ಬುತ್ತಿ ತಂದಾಗ ಅವನು ಕೊನೇ ರೀಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

“ಇಲ್ಲಿ ಬಾ. ಇದನ್ನ ಬಿಸಿಲಿಗೆ ಹಿಡಿದು ನೋಡು.”

ಅವಳು ನೋಡಿದಳು. ಉಗುರಿನಷ್ಟಗಲದ ಚಿತ್ರಗಳು. ಜಡೆಯ ಸ್ವಾಮಿ, ಬೆಂಕಿ, ಬೆಂಕಿಯೊಳಗೆ ಬಾಯಿ ತೆರೆದ ಸೊಸೆ. ಇನ್ನೊಂದು ಮಾರು ಜಾರಿಸಿದರೆ ಅದೇ ಮನೆ, ಅದೇ ಅತ್ತೆ, ಬಾಗಿಲಲ್ಲಿ ಹೂವಿನ ದಂಡೆ ಮುಡಿದ ಹೊಸ ಸೊಸೆ.

“ಸತ್ತೋಳನ್ನ ಇನ್ನೊಂದು ಸಲ ಕೊಲ್ತಾರೆ,” ಎಂದ ಓಬಣ್ಣ. “ಇದನ್ನ ನಾನು ಓಡ್ಸಲ್ಲ.”

ಯಾಕೆಂದು ಹೊನ್ನೂರಮ್ಮನಿಗೆ ಗೊತ್ತಿತ್ತು. ಓಬಣ್ಣನ ತಂಗಿ ಚೌಡಕ್ಕನನ್ನು ಜಗಳೂರು ಕಡೆ ಕೊಟ್ಟಿತ್ತು. ಆ ಬೇಸಿಗೆಗೆ ಎರಡು ವರ್ಷ ಮುಂಚೆ ಅವಳು ಗಂಡನ ಮನೆಯ ಹಿತ್ತಲ ಬಾವಿಯಲ್ಲಿ ಹೆಣವಾಗಿ ತೇಲಿದಳು. ನೀರು ಸೇದಲು ಹೋಗಿ ಕಾಲು ಜಾರಿತು ಎಂದರು. ನೀರು ಸೇದಲು ಹೋದವಳ ಕೊಡ ಮಾತ್ರ ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದಂತೆಯೇ ಇತ್ತು. ಅದನ್ನು ಓಬಣ್ಣ ಕಣ್ಣಾರೆ ಕಂಡಿದ್ದ. ಬಡವನ ಮಾತು ಯಾರು ಕೇಳುತ್ತಾರೆ? ಮೂರನೇ ತಿಂಗಳಿಗೆ ಆ ಮನೆಗೆ ಹೊಸ ಸೊಸೆ ಬಂದಳು.

ಟೆಂಟಿನ ಯಜಮಾನ ಬಸವರಾಜಪ್ಪನಿಗೆ ಓಬಣ್ಣ ಕೊನೇ ರೀಲು ಸುಟ್ಟುಹೋಯಿತು ಎಂದು ಹೇಳಿ ಯಾವುದೋ ತುಂಡುಗಳ ಬೂದಿ ತೋರಿಸಿದ. ಬಸವರಾಜಪ್ಪ ಹಣೆ ಚಚ್ಚಿಕೊಂಡು, ಇದ್ದಷ್ಟನ್ನೇ ಓಡಿಸು ಎಂದ.

ಇದ್ದಷ್ಟು ಹೀಗೆ ಮುಗಿಯುತ್ತಿತ್ತು: ಸೊಸೆಯನ್ನು ಮಣ್ಣು ಮಾಡಿ ಮನೆಯವರು ಮರಳಿ ಬರುತ್ತಾರೆ. ಎಲ್ಲರಿಗಿಂತ ಮುಂದೆ ಅತ್ತೆ. ಕಾಲಿಗೆ ನೀರು ಹಾಕಲು ಯಾರೋ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅತ್ತೆ ತಲೆಯೆತ್ತಿದರೆ, ಒದ್ದೆಗೂದಲು ಬಿಟ್ಟುಕೊಂಡ ಅದೇ ಸೊಸೆ. ಕೊಡದಿಂದ ಹೊಸ್ತಿಲ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಅಷ್ಟೇ. ಆಮೇಲೆ ಬರೀ ಬಿಳೀ ಪರದೆ. ಓಬಣ್ಣ ಆ ಬೆಳಕನ್ನು ಆರಿಸದೆ ಒಂದು ನಿಮಿಷ ಹಾಗೇ ಬಿಟ್ಟ. ಮಣ್ಣಿನ ಮೇಲೆ ಕೂತಿದ್ದ ಜನ ಏಳಲೇ ಇಲ್ಲ.

ಗೇಟು ಕಾಯುತ್ತಿದ್ದ ಬೋರಣ್ಣನಿಗೆ ಒಂದು ವಿದ್ಯೆ ಗೊತ್ತಿತ್ತು. ಹೊರಗೆ ಬರುವವರ ಮುಖ ನೋಡಿಯೇ ಪಿಕ್ಚರು ಎಷ್ಟು ದಿನ ಓಡುತ್ತದೆಂದು ಹೇಳುತ್ತಿದ್ದ. ಅವತ್ತು ಮೆಷಿನ್ ರೂಮಿಗೆ ಓಡಿ ಬಂದ.

“ಅಣ್ಣ, ಒಬ್ರೂ ಬಾಯಿ ಬಿಡ್ತಿಲ್ಲ. ಈ ಪಿಕ್ಚರ್ ಬಾಳ ದಿನ ಓಡ್ತೈತೆ!”

ನಲವತ್ತು ದಿನ ಓಡಿತು. ತ್ಯಾವಣಿಗೆಯಿಂದ ಗಾಡಿ ಕಟ್ಟಿಕೊಂಡು ಬಂದರು. ಹೋಟೆಲಿನಲ್ಲಿ ಬಾಯಿಗೊಂದು ಮಾತು. ಕೊನೇ ರೀಲನ್ನು ದೆವ್ವವೇ ತಿಂದಿದೆ ಎಂದರು ಕೆಲವರು. ಇಂಥ ಮೂಢನಂಬಿಕೆಯನ್ನು ತೋರಿಸಬಾರದು ಎಂದ ಮೇಷ್ಟರು ಮೂರು ಸಲ ನೋಡಿ ಬಂದರು. ಆ ಬೇಸಿಗೆಯಲ್ಲಿ ಎಷ್ಟೋ ಮನೆಗಳ ಅತ್ತೆಯರು ತಾವೇ ಕೊಡ ಹಿಡಿದು ಬಾವಿಗೆ ಹೊರಟದ್ದನ್ನು ಊರು ಬೆರಗಾಗಿ ನೋಡಿತು. ಓಬಣ್ಣ ಮಾತ್ರ ನಗಲಿಲ್ಲ. ರೀಲಿನ ಡಬ್ಬವನ್ನು ಮಂಚದ ಕೆಳಗೆ ತಳ್ಳಿ ಅದರ ಮೇಲೆಯೇ ಮಲಗಿದ, ಹನ್ನೆರಡು ವರ್ಷ.

ಮಗಳಿಗೆ ಗಂಡು ಬಂದಾಗ ಅವನು ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಗಂಡಿನ ತಾಯಿಯನ್ನು ಒಂದೇ ಮಾತು ಕೇಳುತ್ತಿದ್ದ: “ಬಾವಿ ಪಿಕ್ಚರ್ ನೋಡೀರಾ? ಹೆಂಗನ್ನಿಸ್ತು?”

ಗೋವಿನಕೋವಿ ಊರಿನ ಗಂಡಿನ ತಾಯಿ “ಅದೇನ್ ಮಹಾ, ಮಕ್ಕಳಾಟ” ಎಂದು ನಕ್ಕಳು. ಆ ಸಂಬಂಧ ಅಲ್ಲಿಗೇ ಮುರಿಯಿತು. ತ್ಯಾವಣಿಗೆಯ ಶಂಕರಮ್ಮ ಕೆನ್ನೆ ಬಡಿದುಕೊಂಡಳು. “ಮೂರು ದಿನ ಜ್ವರ ಬಂದಿತ್ರೀ. ಹಿತ್ತಲ ಬಾವಿಗೆ ಹಲಿಗೆ ಹೊಡೆಸಿಬಿಟ್ಟೀನಿ, ಯಾರೂ ಅತ್ತ ಹೋಗಲ್ಲ.”

“ಹೆದರೋ ಮನೆ ಅದು,” ಎಂದ ಓಬಣ್ಣ ಹೆಂಡತಿಗೆ. “ನಮ್ಮ ಹುಡುಗಿಗೆ ಏನೂ ಆಗಲ್ಲ.” ಪಾಪ, ಲೋಕದವರು ಜಾತಕ ನೋಡಿದರೆ ಇವನು ಪಿಕ್ಚರ್ ನೋಡಿ ಹೆಣ್ಣು ಕೊಟ್ಟ.

* * *

ಈ ದಿನ ಬೆಳಿಗ್ಗೆ ಸೌದೆ ಕೊಟ್ಟಿಗೆಯ ಹಿಂದೆ ಗಾದ್ರಮ್ಮ ತೋಳು ಮೇಲೇರಿಸಿ ತೋರಿಸಿದ್ದಳು. ಎರಡು ಬರೆ. ಒಂದು ಒಣಗಿತ್ತು, ಇನ್ನೊಂದು ಹಸಿ.

“ಅತ್ತೆ ಹೊನ್ನಾಳಿಗೆ ಹೋಗಿ ಬಂದ ಮ್ಯಾಲೆ ಶುರುವಾತವ್ವ. ಬಾವಿ ಮ್ಯಾಲಿನ ಹಲಿಗೆ ಕಿತ್ತು ನೀರೊಲೆಗೆ ಹಾಕಿದ್ರು. ಈಗ ಮುಸ್ಸಂಜೆಯಾಗೆ ನನ್ನೊಬ್ಳನ್ನೇ ನೀರಿಗೆ ಕಳಿಸ್ತಾರೆ. ಮೊನ್ನೆ ಸೇದ್ತಾ ಇದ್ದೆ. ತಿರುಗಿ ನೋಡಿದ್ರೆ ಹಿಂದೇನೇ ನಿಂತವ್ರೆ. ಏನೂ ಅನ್ನಲಿಲ್ಲ. ಸುಮ್ನೆ ನಿಂತಿದ್ರು.”

ಮಣ್ಣು ಮುಗಿದ ಕೂಡಲೇ ಸೊಸೆಯನ್ನು ಕರೆದುಕೊಂಡು ಹೋಗಬೇಕೆಂದು ಶಂಕರಮ್ಮ ಆಗಲೇ ಗಾಡಿಯವನಿಗೆ ಹೇಳಿಟ್ಟಿದ್ದಳು. ತಡೆಯಲು ಈ ಮನೆಯಲ್ಲಿ ಇನ್ನು ಗಂಡಸು ಯಾರಿದ್ದಾರೆ? ಇದ್ದೊಬ್ಬ ಗಂಡಸು ಗೋಡೆಗೆ ಒರಗಿ ಕೂತಿದ್ದಾನೆ, ಬಾಯಲ್ಲಿ ಎಲೆಯಡಿಕೆ. ಅವನ ಕೊನೇ ಮಾತು ಅವಳ ಕಿವಿಯಲ್ಲಿತ್ತು: “ಆ ರೀಲು ಯಾರಿಗೂ ತೋರಿಸಬ್ಯಾಡ ಕಣೇ.”

“ಅತ್ತಿಗೆ, ಅಣ್ಣನ ಸಾಮಾನೆಲ್ಲ ಗುಂಡಿಯಾಗೆ ಇಡಬೇಕಲ್ಲ,” ಎಂದ ಬೋರಣ್ಣ. ಸತ್ತವನ ಕೈಯಲ್ಲಿ ಆಡಿದ ವಸ್ತುಗಳನ್ನು ಅವನ ಜೊತೆಗೇ ಹೂಳುವುದು ಅವರಲ್ಲಿ ನಡೆದು ಬಂದ ಪದ್ಧತಿ. ಓಬಣ್ಣನ ಟಾರ್ಚು, ರೀಲು ಕತ್ತರಿಸುವ ಕತ್ತರಿ, ಒಂದು ಹಿಡಿ ಕಾರ್ಬನ್ ಕಡ್ಡಿ ಆಗಲೇ ಟವೆಲಿನಲ್ಲಿದ್ದವು. ಬೋರಣ್ಣ ಮಂಚದ ಕೆಳಗೆ ತೂರಿ, ಗರಗರ ಸದ್ದು ಮಾಡುತ್ತಾ ತಗಡಿನ ಡಬ್ಬವನ್ನು ಅಂಗಳಕ್ಕೆ ಎಳೆದು ತಂದ. ಮುಚ್ಚಳದ ಮೇಲೆ ಓಬಣ್ಣನ ಅಕ್ಷರ: ಬಾವಿ, ಕೊನೇದು.

ಚಪ್ಪರದ ಕೆಳಗಿದ್ದವರೆಲ್ಲ ಕತ್ತು ಚಾಚಿದರು.

“ನೋಡಿದ್ರಾ, ನಾನು ಹೇಳಿಲ್ವಾ?” ಎಂದು ಶಂಕರಮ್ಮ ಎದ್ದು ಬಂದಳು. “ಸುಟ್ಟೋಗೈತೆ ಅಂದಿದ್ದು ಇದೇ. ನಮ್ಮನ್ನ ಹೆದರ್ಸಾಕೆ ಬಚ್ಚಿಟ್ಟಿದ್ರು ಬೀಗ್ರು. ತೆಗಿಯಪ್ಪ, ಸ್ವಾಮಿ ಅದಾನೋ ಇಲ್ವೋ ಎಲ್ರೂ ನೋಡ್ಲಿ.”

ಹೆಣದ ಮುಂದೆ ಸುಳ್ಳಾಡಿದರೆ ಏಳು ಜನ್ಮಕ್ಕೂ ಬಿಡದು ಎನ್ನುತ್ತಾರೆ. ಹೊನ್ನೂರಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು.

“ಸ್ವಾಮಿ ಇಲ್ಲ ಬೀಗ್ರೆ,” ಎಂದಳು. “ಅದು ಹೊನ್ನಾಳಿಯೋರು ಬ್ಯಾರೆ ಪಿಕ್ಚರಿಂದ ತಂದು ಅಂಟಿಸಿದ್ದು. ಜನ ಹೆದರಿ ಬರದಂಗಾದ್ರೆ ಟೆಂಟಿನೋರು ಹಂಗೇ ಮಾಡ್ತಾರೆ, ಇವರೇ ಹೇಳ್ತಿದ್ರು. ನಿಜವಾದ್ದು ಇದ್ರಾಗೈತೆ. ಬೋರಣ್ಣ, ತೆಗಿ.”

ಆ ರೀಲಿನ ಸಂಗತಿ ಬೋರಣ್ಣನಿಗೂ ಗೊತ್ತಿರಲಿಲ್ಲ. ಮುಚ್ಚಳ ತೆಗೆದರೆ ಹಳೇ ಫಿಲ್ಮಿನ ಹುಳಿವಾಸನೆ ಗಪ್ಪೆಂದು ಬಂತು. ಅವನು ಒಂದು ಮಾರು ಬಿಚ್ಚಿ ಬಿಸಿಲಿಗೆ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಇನ್ನಷ್ಟು ಬಿಚ್ಚಿದ. ಅವನ ಮುಖದ ಮೇಲೆ ರೀಲಿನ ಕಂದು ನೆರಳು ಹರಿಯಿತು. ಅಲ್ಲಿ ಸ್ವಾಮಿ ಇದ್ದ, ಬೆಂಕಿ ಇತ್ತು. ಬೋರಣ್ಣ ತಲೆಯೆತ್ತಿ ಹೊನ್ನೂರಮ್ಮನನ್ನು ನೋಡಿದ. ಆಮೇಲೆ ಕಂಬದ ಪಕ್ಕದ ಗಾದ್ರಮ್ಮನನ್ನು, ಅವಳು ಎಳೆದೆಳೆದುಕೊಳ್ಳುತ್ತಿದ್ದ ತೋಳನ್ನು ನೋಡಿದ. ಮುಖ ಓದುವ ವಿದ್ಯೆ ಅವನಿಗಿನ್ನೂ ಮರೆತುಹೋಗಿರಲಿಲ್ಲ.

“ಆಕಿ ನಿಂತವಳೆ,” ಎಂದ ಮೆಲ್ಲಗೆ. “ಬಾಗಿಲ್ದಾಗೆ. ಉದ್ದಕ್ಕೂ ಅದೇ ಐತೆ. ಬ್ಯಾರೆ ಯಾರೂ ಇಲ್ಲ.”

“ಕೊಡು ಇಲ್ಲಿ, ನಾನೇ ನೋಡ್ತೀನಿ,” ಎಂದು ಶಂಕರಮ್ಮ ಕೈ ಚಾಚಿದಳು.

“ನೋಡ್ರಿ,” ಎಂದಳು ಹೊನ್ನೂರಮ್ಮ. “ಬ್ಯಾಡ ಅನ್ನಲ್ಲ. ಆದ್ರೆ ಒಂದು ಮಾತು. ಇದನ್ನ ನೋಡಿದ ದಿನದಿಂದ ಇವರು ಒಂದು ರಾತ್ರೀನೂ ನೆಟ್ಟಗೆ ನಿದ್ದೆ ಮಾಡಲಿಲ್ಲ.”

ಇದೊಂದು ಮಾತು ಸುಳ್ಳಾಗಿರಲಿಲ್ಲ. ಶಂಕರಮ್ಮ ಗೋಡೆಗೆ ಒರಗಿದ್ದ ಓಬಣ್ಣನ ಕಡೆ ನೋಡಿದಳು. ಸರಿಯಾಗಿ ಮುಚ್ಚದ ಅವನ ರೆಪ್ಪೆಗಳ ಸಂದಿಯಲ್ಲಿ ಬಿಳುಪು ಕಾಣುತ್ತಿತ್ತು. ಅವಳ ಚಾಚಿದ ಕೈ ಹಾಗೇ ಇಳಿದು ಸೆರಗು ಹುಡುಕಿತು.

ಹೆಣ ಎತ್ತುವಾಗ ಹೊನ್ನೂರಮ್ಮ ಮಗಳನ್ನು ಒಳಗೆ ಕರೆದಳು. ಬಸುರಿ ಮಣ್ಣಿಗೆ ಬರುವಂತಿಲ್ಲ.

“ನಾವು ಬರಾದ್ರಾಗೆ ತಲೆಗೆ ನೀರು ಹಾಕ್ಕಂಡು ದೀಪ ಹಚ್ಚು. ಕಾಲಿಗೆ ನೀರು ಹಾಕಾಕೆ ಕೊಡ ಹಿಡ್ಕಂಡು ಬಾಗಿಲ್ದಾಗೆ ನಿಂತಿರು.”

“ಹೂಂನವ್ವ.”

“ಕೂದಲು ಕಟ್ಟಬ್ಯಾಡ. ಮಾತೂ ಆಡಬ್ಯಾಡ.”

ಗಾದ್ರಮ್ಮ ಆ ಪಿಕ್ಚರನ್ನು ನೋಡಿರಲಿಲ್ಲ. ಅಪ್ಪ ನೋಡಲು ಬಿಟ್ಟಿರಲಿಲ್ಲ. ಅವ್ವನ ಮುಖವನ್ನೇ ಒಂದು ಗಳಿಗೆ ನೋಡಿ ತಲೆಯಾಡಿಸಿದಳು.

* * *

ಗುಂಡಿಯಲ್ಲಿ ಓಬಣ್ಣನ ಕಾಲ ಬಳಿ ಡಬ್ಬ ಇಟ್ಟರು. ಬೋರಣ್ಣ ಎಲ್ಲರಿಗಿಂತ ಮೊದಲು ಮಣ್ಣು ಎಳೆದದ್ದು ಅದರ ಮೇಲೆ. ತಗಡಿನ ಮೇಲೆ ಬಿದ್ದ ಮಣ್ಣಿನ ಸದ್ದಿಗೆ ಶಂಕರಮ್ಮ ಬೆಚ್ಚಿದಳು. ಮರಳಿ ಬರುವಾಗ, ಬೇಗ ಹೊರಡಬೇಕೆಂಬ ಅವಸರಕ್ಕೋ ಏನೋ, ಎಲ್ಲರಿಗಿಂತ ಮುಂದೆ ಬಿರಬಿರನೆ ನಡೆದಳು.

ಓಣಿಯ ಕೊನೆಗೆ ಬಂದಾಗ ಹೊತ್ತು ಇಳಿದಿತ್ತು. ಅಂಗಳ ಖಾಲಿ. ತಲೆ ತಗ್ಗಿಸಿ ಬಂದ ಶಂಕರಮ್ಮ ಕಾಲು ತೊಳೆಯಲು ಸೀರೆ ಎತ್ತಿ ಹಿಡಿದು, ತಲೆಯೆತ್ತಿದಳು.

ಅವಳು ನಿಂತಳು. ಹಿಂದಿದ್ದವರೂ ಒಬ್ಬರಿಗೊಬ್ಬರು ತಾಗಿ ನಿಂತರು.

ಹಿಂದೆ ದೀಪ ಇದ್ದುದರಿಂದ ಬಾಗಿಲಲ್ಲಿ ನಿಂತವಳ ಮುಖ ಕಾಣುತ್ತಿರಲಿಲ್ಲ. ಒದ್ದೆಗೂದಲು ಎರಡೂ ಭುಜದ ಮೇಲೆ ಬಿದ್ದಿತ್ತು. ಶಂಕರಮ್ಮನ ಬಾಯಿಂದ “ಗಾದ್ರಾ” ಎಂಬ ಸಣ್ಣ ದನಿ ಹೊರಟಿತು. ಬಾಗಿಲಿನಿಂದ ಉತ್ತರ ಬರಲಿಲ್ಲ.

“ಇಲ್ಲೇ ಇರ್ಲಿ,” ಎಂದಳು ಶಂಕರಮ್ಮ, ಯಾರಿಗೆಂದಿಲ್ಲದೆ. “ಬಾಣಂತನ ಮುಗಿಯಗಂಟ ಇಲ್ಲೇ ಇರ್ಲಿ. ಆ ಬಾವಿಗೆ… ನಾಳೇನೇ ಬಾವಿ ಮುಚ್ಚಿಸ್ತೀನಿ.”

ಬೋರಣ್ಣ ಹಳೇ ಅಭ್ಯಾಸದಂತೆ ಪಕ್ಕಕ್ಕೆ ಸರಿದು ಅವಳ ಮುಖ ನೋಡಿದ. ಆಮೇಲೆ ಹೊನ್ನೂರಮ್ಮನ ಕಿವಿಯ ಹತ್ತಿರ ಬಗ್ಗಿದ.

“ಬಾಳ ದಿನ ಓಡ್ತೈತೆ, ಅತ್ತಿಗೆ.”

ಹೊನ್ನೂರಮ್ಮ ಉಕ್ಕಿ ಬಂದ ಅಳುವನ್ನು ಸೆರಗಿನಲ್ಲಿ ಕಚ್ಚಿ ಹಿಡಿದಳು. ಬಾಗಿಲಲ್ಲಿ ಕೊಡ ಒಂದಿಷ್ಟು ವಾಲಿತು. ನೀರು ತೊಟ್ಟು ತೊಟ್ಟಾಗಿ ಹೊಸ್ತಿಲ ಮೇಲೆ ಬಿದ್ದು, ಮೆಟ್ಟಿಲಿಳಿದು, ಅಂಗಳದ ಧೂಳಿನಲ್ಲಿ ದಾರಿ ಮಾಡಿಕೊಂಡು ಶಂಕರಮ್ಮನ ಪಾದದ ಕಡೆಗೆ ಹರಿಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ನೀರು ಇನ್ನೂ ಬರುತ್ತಲೇ ಇತ್ತು.